ಪದಚರ್ಚೆ: ಪಿಕಪ್ ಗಾಡಿಯ ತಗಡಿಗೆ ಅಂಟಿಸುವ ‘ಡ್ಯಾಂಪಿಂಗ್ ಶೀಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಮ್ಮ ಭಾವ ಗಾಡಿಗಳಿಗೆ ಸ್ಟೀರಿಯೊ, ಸೀಟ್ ಕವರ್, ಮ್ಯಾಟಿಂಗ್ ಹಾಕಿಕೊಡುವ ಅಂಗಡಿ ಇಟ್ಟಿದ್ದಾರೆ. ಈಚೆಗೆ ಅವರಿಗೆ ಪಿಕಪ್ ಗಾಡಿಗಳ ಕೆಲಸ ಜಾಸ್ತಿ. ಸಕಲೇಶಪುರ, ಆಲೂರು ಕಡೆಯ ತೋಟದವರು ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ತಂದು ನಿಲ್ಲಿಸುತ್ತಾರೆ. ಗಾಡಿಯ ಜೊತೆ ಬಂದ ಸ್ಟೀರಿಯೊ ಸೆಟ್ ತೆಗೆದು ಒಳ್ಳೆಯದೊಂದು ಹಾಕಿ, ಹಾಗೇ ಒಳಗಿನ ಸದ್ದೂ ಕಮ್ಮಿ ಮಾಡಿಕೊಡಿ ಅನ್ನುತ್ತಾರೆ. ಏನು ಹಾಕುತ್ತೇವೆ, ಯಾಕೆ ಹಾಕುತ್ತೇವೆ ಅಂತ ಗಿರಾಕಿಗಳಿಗೆ ತಿಳಿಸೋಕೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಅಂತ ಭಾವ ನನಗೆ ಹೇಳಿದ್ದಾರೆ. ಮುಕ್ಕಾಲು ಪಾಲು ಬರೆದಾಯಿತು. ಒಂದು ಪದ ಮಾತ್ರ ಕೈಗೆ ಸಿಗುತ್ತಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಆ ಪದ ‘ಡ್ಯಾಂಪಿಂಗ್’. ತಗಡು ಅದುರಿ ಸದ್ದು ಮಾಡದ ಹಾಗೆ ಅದಕ್ಕೆ ಅಂಟಿಸುವ ಹಾಳೆಗೆ ಅಂಗಡಿಯಲ್ಲಿ ಎಲ್ಲರೂ ‘ಡ್ಯಾಂಪಿಂಗ್ ಶೀಟ್’ ಅಂತಲೇ ಅನ್ನುತ್ತಾರೆ. ಹಾಗೇ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಮಲೆನಾಡಿನ ಅಂಚಿನಲ್ಲಿ ಡ್ಯಾಂಪ್ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ತೇವ. ಗೋಡೆ ಡ್ಯಾಂಪ್ ಹಿಡಿದಿದೆ, ಮೆಣಸಿನ ಚೀಲ ಡ್ಯಾಂಪ್ ಆಗಿದೆ ಅಂತ ದಿನಾ ಆಡುವ ಮಾತು. ಒಬ್ಬ ತೋಟದ ಯಜಮಾನರು ಭಾವನನ್ನು ಕೇಳಿದ್ದು ಹೀಗೆ: “ಈ ಶೀಟ್ ಹಾಕಿಸಿದ್ರೆ ಮಳೆಗಾಲದಲ್ಲಿ ಒಳಗೆ ಡ್ಯಾಂಪ್ ಹಿಡಿಯೋಲ್ಲ ಅಲ್ವಾ?” ಆ ಹೆಸರು ಕೇಳಿದವರು ಹಾಗೆ ಅಂದುಕೊಳ್ಳೋದು ಸಹಜ. ಇನ್ನೊಂದು ತೊಡಕೂ ಇದೆ. ಗಾಡಿಯ ಬಾಗಿಲೊಳಗೆ ನೀರು ಇಳಿಯೋದಂತೂ ನಿಜ. ಗಾಜಿನ ಪಕ್ಕದ ರಬ್ಬರ್ ದಾಟಿ ಬರುವ ಮಳೆನೀರು ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಂದ ಆಚೆ ಹೋಗುತ್ತೆ. ತೇವ ತಡೆಯೋಕೆ ಅಂದುಕೊಂಡು ಯಾರಾದರೂ ಆ ತೂತುಗಳ ಮೇಲೂ ಶೀಟ್ ಅಂಟಿಸಿದರೆ ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತೆ. ಪದ ತಪ್ಪಾಗಿ ತಿಳಿದರೆ ಕೆಲಸವೂ ತಪ್ಪುತ್ತೆ.

ಇಂಗ್ಲಿಷಿನಲ್ಲಿ ಈ ಎರಡೂ ಅರ್ಥ ಒಂದೇ ಬೇರಿನವು. ಹಳೆಯ ಜರ್ಮನ್ ಕಡೆಯಿಂದ ಬಂದ ಆ ಪದಕ್ಕೆ ಮೊದಲಿದ್ದ ಅರ್ಥ ಹಬೆ, ಹೊಗೆ, ಕೆಟ್ಟ ಗಾಳಿ. ಅದರಿಂದಲೇ ಉಸಿರುಕಟ್ಟಿಸು, ಬೆಂಕಿಯನ್ನು ಮಂಕು ಮಾಡು ಅನ್ನುವ ಅರ್ಥ ಬಂತು. ತೇವದ ಅರ್ಥ ಆಮೇಲೆ ಸೇರಿತು. ಭೌತವಿಜ್ಞಾನದವರು ಹಿಡಿದದ್ದು ಮಂಕು ಮಾಡುವ ಕವಲನ್ನು. ನಮ್ಮ ಆಡುಮಾತಿಗೆ ಬಂದದ್ದು ತೇವದ ಕವಲು ಮಾತ್ರ.

ಪದ ಹುಡುಕುವ ಮುಂಚೆ ಆ ಶೀಟ್ ಏನು ಮಾಡುತ್ತೆ ಅಂತ ನೋಡೋಣ ಅನ್ನಿಸಿತು. ಅಂಗಡಿಗೆ ಹೋಗಿ ಒಂದು ಗಾಡಿಯ ಪಕ್ಕ ನಿಂತೆ. ಕೆಲಸದ ಹುಡುಗ ಬಾಗಿಲ ಹಿಡಿಯ ಹಿಂದಿನ ಸ್ಕ್ರೂ ಬಿಚ್ಚಿದ. ಅಂಚಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ ಡೋರ್ ಪ್ಯಾಡ್ (ಬಾಗಿಲ ಒಳಬದಿಯ ಹೊದಿಕೆ) ತೆಗೆದು ಪಕ್ಕಕ್ಕಿಟ್ಟ. ಒಳಗೆ ಬರೀ ತಗಡು. ಹೊರಗಿನ ತಗಡಿನ ಒಳಮೈಗೆ ಬೆರಳ ಗೆಣ್ಣಿನಿಂದ ಬಡಿದು, “ಕೇಳಿ ಅಣ್ಣಾ” ಅಂದ. ‘ಟೊಂಯ್’ ಅಂತು. ಎಣ್ಣೆಜಿಡ್ಡು ಹೋಗುವ ಹಾಗೆ ಸ್ಪಿರಿಟ್ಟಿನಲ್ಲಿ ಒರೆಸಿದ. ಸುಮಾರು 2 ಮಿಲಿಮೀಟರ್ ದಪ್ಪದ ಶೀಟಿನ ಹಿಂದಿನ ಕಾಗದ ಕಿತ್ತ. ಕೆಳಗೆ ಕಪ್ಪಗೆ ಅಂಟಂಟಾದ ಬ್ಯುಟೈಲ್ ರಬ್ಬರ್, ಮೇಲೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ. ಅದನ್ನು ತಗಡಿನ ನಡುಭಾಗಕ್ಕೆ ಅಂಟಿಸಿ, ಪುಟ್ಟ ರೋಲರ್ ಹಿಡಿದು ಒತ್ತಿ ಒತ್ತಿ ಉಜ್ಜಿದ. ಹಾಳೆಯ ಮೇಲಿನ ಉಬ್ಬುಗೆರೆಗಳೆಲ್ಲ ಚಪ್ಪಟೆ ಆಗೋವರೆಗೂ ಬಿಡಲಿಲ್ಲ. ಮತ್ತೆ ಬಡಿದ. ಈ ಸಲ ‘ದಪ್’. ಅಷ್ಟೇ.

ಆ ‘ಟೊಂಯ್’ ಮತ್ತು ‘ದಪ್’ ನಡುವಿನ ವ್ಯತ್ಯಾಸವೇ ಡ್ಯಾಂಪಿಂಗ್. ದೇವಸ್ಥಾನದಲ್ಲಿ ಜಾಗಟೆ ಬಾರಿಸಿ ಅದರ ಅಂಚನ್ನು ಕೈಯಲ್ಲಿ ಹಿಡಿದರೆ ಸದ್ದು ಅಲ್ಲೇ ಸಾಯುತ್ತಲ್ಲ, ಹಾಗೆ. ತಗಡು ಬಾಗಿ ಬಳುಕಿದಾಗ ಅದಕ್ಕೂ ಮೇಲಿನ ಅಲ್ಯೂಮಿನಿಯಂ ಹಾಳೆಗೂ ನಡುವೆ ಸಿಕ್ಕಿದ ರಬ್ಬರ್ ಅತ್ತಿತ್ತ ಎಳೆತಕ್ಕೆ ಸಿಗುತ್ತೆ. ಅದುರಾಟದ ಬಲವೆಲ್ಲ ಒಂದು ಚೂರು ಬಿಸಿಯಾಗಿ ಕರಗಿಹೋಗುತ್ತೆ. ಹೊರಗಿನ ಸದ್ದಿಗೆ ಈ ಶೀಟ್ ಗೋಡೆ ಕಟ್ಟೋದಿಲ್ಲ. ತಗಡು ತಾನೇ ಸದ್ದು ಮಾಡೋದನ್ನು ನಿಲ್ಲಿಸುತ್ತೆ.

ಹಾಗಾಗಿ ಪೇಟೆಯಲ್ಲಿ ಓಡುತ್ತಿರುವ ಇನ್ನೊಂದು ಹೆಸರು ‘ಸೌಂಡ್ ಪ್ರೂಫ್’ ನನಗೆ ಒಪ್ಪಿಗೆಯಿಲ್ಲ. ಅದರ ಕನ್ನಡ ಅಂತ ಬರೆಯುವ ‘ಶಬ್ದನಿರೋಧಕ’ವೂ ಅದೇ ತಪ್ಪು ಹೇಳುತ್ತೆ. ಈ ಪದದಿಂದ ಜನರ ದುಡ್ಡು ಹೋಗುತ್ತೆ, ಅದೇ ನನ್ನ ಮುಖ್ಯ ತಕರಾರು. ವಾಟರ್ ಪ್ರೂಫ್ ಕೇಳಿ ಅಭ್ಯಾಸ ಇರೋರು ಒಂದು ಇಂಚೂ ಬಿಡದೆ ಮುಚ್ಚಿದರೆ ಮಾತ್ರ ಪ್ರಯೋಜನ ಅಂದುಕೊಳ್ಳುತ್ತಾರೆ. ನೆಲ, ಚಾವಣಿ, ಹಿಂದಿನ ಗೋಡೆ, ನಾಲ್ಕೂ ಬಾಗಿಲಿಗೆ ಎರಡೆರಡು ಪದರ ಹಾಕಿಸುತ್ತಾರೆ. ನಿಜಕ್ಕೂ ಚಪ್ಪಟೆ ತಗಡಿನ ನಡುವೆ ಕಾಲು ಭಾಗ ಮುಚ್ಚಿದರೂ ಅದುರೋದು ಬಹುಪಾಲು ನಿಲ್ಲುತ್ತೆ. ಮಿಕ್ಕಿದ್ದು ಗಾಡಿಗೆ ಭಾರ, ಜೇಬಿಗೆ ಖರ್ಚು. ಚದರ ಮೀಟರಿಗೆ ಎರಡು ಮೂರು ಕೆಜಿ ತೂಗುವ ಸಾಮಾನು ಇದು.

ಈ ಕೆಲಸದಲ್ಲಿ ಮೂರು ಬೇರೆ ಬೇರೆ ಸಾಮಾನುಗಳಿವೆ. ಮೂರಕ್ಕೂ ಪೇಟೆಯಲ್ಲಿ ಒಂದೇ ಹೆಸರು ಹೇಳಿ ಮಾರುತ್ತಾರೆ. ಒಂದು, ಮೇಲೆ ಹೇಳಿದ ಬ್ಯುಟೈಲ್ ಶೀಟ್. ಇನ್ನೊಂದು ಸ್ಪಂಜಿನಂಥದ್ದು, ಫೆಲ್ಟಿನಂಥದ್ದು. ಕ್ಯಾಬಿನ್ ಒಳಗೆ ಸುತ್ತಾಡುವ ಚೂಪು ಸದ್ದನ್ನು ಅದು ತನ್ನೊಳಗೆ ಎಳೆದುಕೊಳ್ಳುತ್ತೆ. ಮೂರನೆಯದು ಭಾರವಾದ ವಿನೈಲ್ ಹಾಳೆ. ಟೈರ್ ಸದ್ದು, ಎಂಜಿನ್ ಸದ್ದು ಒಳಗೆ ಬರದ ಹಾಗೆ ಅಡ್ಡ ನಿಲ್ಲೋದು ಅದೊಂದೇ. ಅದು ಕೂಡ ತೂತು, ಸಂದು ಬಿಡದೆ ಹಾಸಿದರೆ ಮಾತ್ರ.

ಮೂರು ಕೆಲಸಕ್ಕೂ ನಮ್ಮಲ್ಲಿ ಬೇರೆ ಬೇರೆ ಕ್ರಿಯಾಪದಗಳು ಮೊದಲಿನಿಂದಲೂ ಇವೆ, ಅದು ನನಗೆ ತುಂಬಾ ಸಂತೋಷ. ವಿನೈಲ್ ಹಾಳೆ ಸದ್ದನ್ನು ‘ತಡೆಯುತ್ತೆ’. ಅದರಲ್ಲಿ ಗೊಂದಲವಿಲ್ಲ. ಸ್ಪಂಜು ಸದ್ದನ್ನು ‘ಹೀರುತ್ತೆ’ ಅನ್ನಬಹುದು, ‘ಇಂಗಿಸುತ್ತೆ’ ಅಂತಲೂ ಅನ್ನಬಹುದು. ಇಂಗುಗುಂಡಿ ಅಂದರೆ ಈಗ ಹಳ್ಳಿಯ ಎಲ್ಲರಿಗೂ ಗೊತ್ತು, ಆದ್ದರಿಂದ ‘ಸದ್ದು ಇಂಗಿಸುವ ಸ್ಪಂಜು’ ಅಂದರೆ ವಿವರಣೆ ಬೇಕಾಗಲ್ಲ. ಬ್ಯುಟೈಲ್ ಶೀಟಿಗೆ ನನ್ನ ಮನಸ್ಸು ಹೋಗೋದು ‘ಅಡಗಿಸು’ ಕಡೆಗೆ. ಸದ್ದಡಗಿತು, ಗಾಳಿ ಅಡಗಿತು, ದಾಹ ಅಡಗಿತು ಅಂತೀವಿ. ಒಂದು ಆಟ ತಾನಾಗಿ ಇಳಿದು ಸುಮ್ಮನಾಗೋದು ಅನ್ನುವ ಅರ್ಥ ಅದರಲ್ಲಿದೆ. ಅಡಗಿಕೊಂಡ ಅನ್ನುವಾಗಿನ ಬಚ್ಚಿಟ್ಟುಕೊಳ್ಳುವ ಅರ್ಥವೂ ಇದೆ. ಆದರೆ ಇಲ್ಲಿ ಅದು ಅಡ್ಡ ಬರುತ್ತೆ ಅನ್ನಿಸೋಲ್ಲ.

ಸಂಸ್ಕೃತದಿಂದ ಕಟ್ಟಿದ ‘ಅವಮಂದನ’ವನ್ನು ಯಾರಾದರೂ ಸೂಚಿಸಬಹುದು. ಪಾಠದ ಪುಸ್ತಕಕ್ಕೆ ಅದು ಸರಿ ಇರಬಹುದು. ಗ್ಯಾರೇಜಿನಲ್ಲಿ ನಡೆಯೋಲ್ಲ.

ಇನ್ನು, ಅಡಗಿಸೋದು ಏನನ್ನು? ಸದ್ದನ್ನೋ, ಅದುರೋದನ್ನೋ? ತಗಡು ಅದುರುತ್ತೆ, ಅದರಿಂದ ಸದ್ದು ಹುಟ್ಟುತ್ತೆ. ಶೀಟ್ ಹಿಡಿಯೋದು ಅದುರೋದನ್ನು. ಬಸ್ಸು ಹೋದಾಗ ಕಿಟಕಿ ಗಾಜು ಅದುರಿತು ಅಂತೀವಿ, ಆದ್ದರಿಂದ ಆ ಕ್ರಿಯಾಪದ ಗಟ್ಟಿಯಾಗಿದೆ. ನಾಮಪದ ಮಾಡುವಾಗಲೇ ಕಷ್ಟ. ‘ಅದುರು ತಡೆ’ ಅಂತ ಬರೆದರೆ ಬಳ್ಳಾರಿ, ಸಂಡೂರಿನವರು ಕಬ್ಬಿಣದ ಅದಿರು ಅಂದುಕೊಂಡಾರು. ಅದನ್ನು ಅದುರು ಅಂತಲೂ ಬರೆಯುತ್ತಾರಲ್ಲ. ‘ನಡುಕ’ ಚಳಿಗೆ, ಹೆದರಿಕೆಗೆ ಸೇರಿದ್ದು. ‘ಕಂಪನ’ ಭೂಕಂಪದ ಸುದ್ದಿ ನೆನಪಿಸುತ್ತೆ. ‘ಅದುರಾಟ’ ಅನ್ನುವ ರೂಪ ನನಗೆ ಹಿಡಿಸಿದೆ. ‘ಅದುರಾಟ ಅಡಗಿಸುವ ಶೀಟು’ ಉದ್ದ ಆಯ್ತು, ನಿಜ. ಆದರೂ ಕೇಳಿದವರಿಗೆ ಕೆಲಸ ಗೊತ್ತಾಗುತ್ತೆ. ಇದನ್ನು ಚಿಕ್ಕದು ಮಾಡುವ ದಾರಿ ಬಲ್ಲವರು ಹೇಳಿ.

ಸದ್ದು ಅನ್ನುವ ಪದದ ಬಗ್ಗೆ ಒಂದು ಮಾತು. ಶಬ್ದದ ತದ್ಭವವೇ ಸದ್ದು. ಆದರೂ ಶಬ್ದ ಅಂದರೆ ಶಬ್ದಕೋಶದ ಶಬ್ದವೂ ಆಗುತ್ತೆ, ಶಬ್ದಮಾಲಿನ್ಯದ ಶಬ್ದವೂ ಆಗುತ್ತೆ. ಸದ್ದಿಗೆ ಆ ಇಬ್ಬಗೆಯಿಲ್ಲ. ಧಾರವಾಡ, ಗದಗಿನ ಕಡೆಯವರು ಇಲ್ಲಿ ‘ಸಪ್ಪಳ’ ಅನ್ನುತ್ತಾರೆ. ನಮ್ಮ ಕಡೆ ಸಪ್ಪಳ ಹೆಜ್ಜೆಯಂಥ ಸಣ್ಣ ಸದ್ದಿಗೇ ಉಳಿದಿದೆ. ಆ ಕಡೆಯ ಓದುಗರಿಗೆ ‘ಗಾಡಿ ಸಪ್ಪಳ’ ಸಹಜವಾಗಿ ಕೇಳುತ್ತಾ, ತಿಳಿಸಿ. ಗಾಡಿ ಹುಡುಗರು ದೂರು ಹೇಳುವಾಗ ಇದ್ಯಾವುದನ್ನೂ ಬಳಸೋಲ್ಲ. ಲೊಡಲೊಡ ಅಂದರೆ ಏನೋ ಸಡಿಲ ಆಗಿದೆ. ಕಿರ್ ಕಿರ್ ಅಂದರೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುತ್ತಿದೆ. ಸುಂಯ್ ಅಂದರೆ ಬಾಗಿಲ ರಬ್ಬರಿನ ಸಂದಿಯಲ್ಲಿ ಗಾಳಿ. ಗುಂಯ್ ಅಂದರೆ ನೆಲದ ತಗಡಿನಿಂದ ಬರುವ ಟೈರಿನ ಸದ್ದು. ಭಾವ ಗಿರಾಕಿಯ ಬಾಯಲ್ಲಿ ಬಂದ ಅನುಕರಣ ಪದ ಕೇಳಿಯೇ ಎಲ್ಲಿ ಕೈ ಹಾಕಬೇಕು ಅಂತ ಗುರುತಿಸುತ್ತಾರೆ. ಲೊಡಲೊಡಕ್ಕೆ ಸ್ಕ್ರೂ ಬಿಗಿ ಮಾಡಬೇಕು, ಯಾವ ಶೀಟೂ ಬೇಡ. ಪುಟದಲ್ಲಿ ಈ ಪಟ್ಟಿಯನ್ನು ಖಂಡಿತ ಹಾಕುತ್ತಿದ್ದೇನೆ.

ಸ್ಟೀರಿಯೊ ಕಡೆಯ ಪದಗಳಿಗೆ ಹೆಚ್ಚು ತಲೆಕೆಡಿಸಿಕೊಂಡಿಲ್ಲ. ಸೆಟ್, ಸ್ಪೀಕರ್, ಆಂಪ್ (ಸದ್ದಿನ ಬಲ ಹೆಚ್ಚಿಸುವ ಆಂಪ್ಲಿಫೈಯರ್), ಟ್ವೀಟರ್ (ಚೂಪು ಸದ್ದಿನ ಸಣ್ಣ ಸ್ಪೀಕರ್), ಫ್ಯೂಸ್ ಹಾಗೇ ಇರಲಿ. ಸೆಟ್ಟಿನ ಅಳತೆ ಹೇಳುವ ಡಬಲ್ ಡಿನ್ ಕೂಡ ಇರಲಿ. ಅದು ಅಳತೆ, ಗುಣಮಟ್ಟ ಗೊತ್ತುಮಾಡುವ ಜರ್ಮನಿಯ ಸಂಸ್ಥೆಯ ಹೆಸರಿನಿಂದ (DIN) ಬಂದದ್ದು. ಸೆಟ್ಟಿನ ಮುಖದ ಅಳತೆ ಸುಮಾರು 180 ಮಿಲಿಮೀಟರ್ ಅಗಲ, 100 ಎತ್ತರ ಅಂತ ಪಕ್ಕದಲ್ಲಿ ಬರೆದರೆ ಸಾಕು. ಎರಡು ಕಡೆ ಮಾತ್ರ ಎಚ್ಚರ ಬೇಕು. ಒಂದು, ‘ಧ್ವನಿವರ್ಧಕ’. ನೋಟಿಸುಗಳಲ್ಲಿ ಅದು ಲೌಡ್ ಸ್ಪೀಕರ್. ಪದದ ಅರ್ಥ ನೋಡಿದರೆ ಆಂಪ್. ಎರಡೂ ಇರುವ ಗಾಡಿಯಲ್ಲಿ ಆ ಪದವನ್ನು ಬಿಡೋದೇ ಒಳ್ಳೆಯದು. ಇನ್ನೊಂದು, ‘ಡೈರೆಕ್ಟ್ ಕರೆಂಟು’. ಗ್ಯಾರೇಜಿನಲ್ಲಿ ಹಾಗಂದರೆ ಕೀ ಆಫ್ ಇದ್ದರೂ ಬ್ಯಾಟರಿಯಿಂದ ಬರ್ತಾನೇ ಇರುವ ಕರೆಂಟು, ಅಂದರೆ ಸೆಟ್ಟಿನ ಹಳದಿ ವೈರು. ಕೀ ತಿರುಗಿಸಿದಾಗ ಬರೋದು ಕೆಂಪು ವೈರು. ಪುಸ್ತಕ ಓದಿದವರು ಡೈರೆಕ್ಟ್ ಅಂದರೆ ಏಕಮುಖ ವಿದ್ಯುತ್ ಅಂದುಕೊಳ್ಳುತ್ತಾರೆ. ಗಾಡಿಯಲ್ಲಿ ಎರಡು ವೈರಲ್ಲೂ ಹರಿಯೋದು ಅದೇ! ಹಾಗಾಗಿ ‘ಸದಾ ಇರುವ ಕರೆಂಟು’, ‘ಕೀ ಕರೆಂಟು’ ಅಂತ ಬರೆದಿದ್ದೇನೆ.

ಹಾಂ, ಪಿಕಪ್ಪೂ ಒಂದಿದೆ. ‘ಆಂಪ್ ಹಾಕಿದ ಮೇಲೆ ಪಿಕಪ್ ಕಮ್ಮಿ ಆಗಲ್ಲ’ ಅಂತ ಬರೆದರೆ ಅದು ವೇಗ ಹತ್ತುವ ಶಕ್ತಿಯ ಮಾತು. ಅದೇ ಪುಟದಲ್ಲಿ ಗಾಡಿಗೂ ಪಿಕಪ್ ಅಂದರೆ ಓದುವವರು ತಡವರಿಸುತ್ತಾರೆ. ಗಾಡಿಗೆ ಎಲ್ಲ ಕಡೆ ‘ಪಿಕಪ್ ಗಾಡಿ’ ಅಂತಲೇ ಬರೆದು ಮುಗಿಸಿದೆ.

ಪುಟದ ಮುಖ್ಯ ಭಾಗ ಈಗ ಹೀಗಿದೆ, ತಿದ್ದಿಕೊಡಿ:

“ಬಾಗಿಲೇ ಸ್ಪೀಕರಿನ ಪೆಟ್ಟಿಗೆ. ತಗಡು ಅದುರಿದರೆ ಎಷ್ಟು ಬೆಲೆಯ ಸ್ಪೀಕರ್ ಹಾಕಿದರೂ ಬೇಸ್ (ದಪ್ಪ ಸದ್ದು) ಒಡೆದು ಕೇಳುತ್ತದೆ. ಮೊದಲು ಬಾಗಿಲಿಗೆ ಅದುರಾಟ ಅಡಗಿಸುವ ಶೀಟು ಹಾಕುತ್ತೇವೆ. ತಗಡನ್ನು ಪೂರ್ತಿ ಮುಚ್ಚುವ ಅಗತ್ಯವಿಲ್ಲ. ಬಾಗಿಲ ತಳದ ನೀರಿನ ತೂತುಗಳನ್ನು ಮುಚ್ಚುವುದಿಲ್ಲ. ಒಳತಗಡಿನ ದೊಡ್ಡ ಕಂಡಿಗಳನ್ನು ಮುಚ್ಚುತ್ತೇವೆ. ಹಾಗೆ ಮಾಡಿದರೆ ಸ್ಪೀಕರಿನ ಹಿಂದಿನ ಸದ್ದು ಮುಂದಿನ ಸದ್ದನ್ನು ಕೆಡಿಸುವುದಿಲ್ಲ. ಹೊರಗಿನ ಸದ್ದು ಕಮ್ಮಿ ಆಗಬೇಕಾದರೆ ನೆಲಕ್ಕೆ ಸದ್ದು ತಡೆಯುವ ಹಾಳೆ ಬೇರೆಯಾಗಿ ಹಾಕಿಸಬೇಕು. ಆಂಪ್ ಹಾಕಿಸುವವರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕುತ್ತೇವೆ.”

‘ಕಂಡಿ’ ಅನ್ನೋದು ಎಲ್ಲ ಕಡೆ ತಿಳಿಯುತ್ತಾ, ಅಥವಾ ‘ತೂತು’ ಅಂತಲೇ ಇಡಲಾ? ತೂತು ಅಂದರೆ ಮುಚ್ಚುವ ತೂತಿಗೂ ಮುಚ್ಚಬಾರದ ತೂತಿಗೂ ಒಂದೇ ಪದ ಆಗುತ್ತೆ ಅನ್ನೋದು ನನ್ನ ಆತಂಕ. ಮಂಗಳೂರು, ಕಲಬುರಗಿ, ಚಾಮರಾಜನಗರದ ಕಡೆ ಗ್ಯಾರೇಜಿನಲ್ಲಿ ಈ ಶೀಟಿಗೆ ಬೇರೆ ಹೆಸರು ಓಡುತ್ತಿದ್ದರೆ, ಅದು ಎಷ್ಟೇ ಒರಟಾಗಿದ್ದರೂ, ಕೇಳಿದ ಹಾಗೇ ಬರೆದು ಕಳಿಸಿ. ಭಾವ ಮುಂದಿನ ವಾರ ಅಚ್ಚಿಗೆ ಕೊಡುತ್ತಾರೆ.