ಹುಳು ಮನೆಯ ಸೆನ್ಸರ್ ರಾಸ್ಪ್‌ಬೆರ್ರಿ ಪೈಗೆ ಒಮ್ಮೆ ಕಾಣುತ್ತೆ, ಒಮ್ಮೆ ಕಾಣಲ್ಲ

ಹುಳುಮನೆ ಬರೆದದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಬೇಸಾಯ. ಹುಳು ಮನೆಯ ಶಾಖ, ತೇವ ಎರಡನ್ನೂ ಮೊಬೈಲಲ್ಲೇ ನೋಡೋಣ ಅಂತ ರಾಸ್ಪ್‌ಬೆರ್ರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಬಿಎಂಇ280 ಸೆನ್ಸರ್ ಹಾಕಿದ್ದೆ. ಪೈ ಪಕ್ಕದ ಕೋಣೆಯಲ್ಲಿದೆ, ಸೆನ್ಸರ್ ಹುಳು ತಟ್ಟೆಗಳ ಮಧ್ಯೆ ನೇತಾಡುತ್ತೆ.

ಕಳೆದ ಬೆಳೆಯಲ್ಲಿ ಶಾಖ ಸರಿಯಾಗೇ ತೋರಿಸ್ತಿತ್ತು. ತೇವ ಮಾತ್ರ ಯಾವಾಗ ನೋಡಿದ್ರೂ ಸೊನ್ನೆ. ಪ್ರೋಗ್ರಾಂ ತಪ್ಪಿರಬೇಕು, ಆಮೇಲೆ ನೋಡೋಣ ಅಂತ ಬಿಟ್ಟೆ. ಗೂಡು ಬಿಡಿಸಿ, ಮನೆ ತೊಳೆದು, ಹೊಸ ಬೆಳೆಗೆ ಎಲ್ಲ ಸಿದ್ಧ ಮಾಡಿ ಮತ್ತೆ ಆನ್ ಮಾಡಿದ್ರೆ ಈಗ ಸೆನ್ಸರೇ ಕಾಣ್ತಿಲ್ಲ. "ಐ2ಸಿಡಿಟೆಕ್ಟ್ -ವೈ 1" ಅಂತ ಸೆನ್ಸರ್ ಹುಡುಕೋ ಕಮಾಂಡ್ ಕೊಟ್ರೆ ಟೇಬಲ್ ಪೂರ್ತಿ ಬರೀ ಗೆರೆಗಳು. ಹತ್ತು ಸಲ ಕೊಟ್ರೆ ಒಂದೋ ಎರಡೋ ಸಲ ಸೆನ್ಸರಿನ ವಿಳಾಸ 76 ಅಂತ ಬರುತ್ತೆ, ಮತ್ತೆ ಮಾಯ. ಪ್ರೋಗ್ರಾಂ ಓಡಿಸಿದ್ರೆ ರಿಮೋಟ್ ಐಒ ಎರರ್, ನಂಬರ್ 121.

ಮೆಮೊರಿ ಕಾರ್ಡ್ ಅಳಿಸಿ ಓಎಸ್ ಎರಡು ಸಲ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ. ಗುರುವಾರ ಚಾಕಿ ಕೇಂದ್ರದಿಂದ (ಮರಿ ಹುಳು ಸಾಕಿ ಕೊಡೋ ಜಾಗ) ಹುಳು ಬರುತ್ತೆ. ಅಷ್ಟರೊಳಗೆ ಸರಿ ಆಗ್ಬೇಕು. ದಯವಿಟ್ಟು ದಾರಿ ತೋರಿಸಿ.

ಬೆಸುಗೆಕಡ್ಡಿ ಉತ್ತರ

ಮೊದಲು ಓಎಸ್ ಹಾಕೋದನ್ನ ನಿಲ್ಲಿಸಿ. ಹತ್ತರಲ್ಲಿ ಎರಡು ಸಲ 76 ಬರ್ತಿದೆ ಅಂದ್ರೆ ಓಎಸ್ ತನ್ನ ಕೆಲಸ ಮಾಡ್ತಿದೆ. ಐ2ಸಿ, ಅಂದ್ರೆ ಪೈ ಮತ್ತು ಸೆನ್ಸರ್ ಎರಡು ವೈರಲ್ಲಿ ಮಾತಾಡೋ ರೀತಿ, ಆನ್ ಆಗಿಲ್ಲದಿದ್ರೆ ಟೇಬಲ್ಲೇ ಬರ್ತಿರಲಿಲ್ಲ, ಅಂಥ ಫೈಲೇ ಇಲ್ಲ ಅಂತ ಬೈದು ಸುಮ್ಮನಾಗ್ತಿತ್ತು. ಹಾಗೆ ಬಂದಾಗ ಮಾತ್ರ ರಾಸ್ಪಿ-ಕಾನ್ಫಿಗ್ ತೆರೆದು ಇಂಟರ್‌ಫೇಸ್ ಆಯ್ಕೆಗಳಲ್ಲಿ ಐ2ಸಿ ಆನ್ ಮಾಡ್ಬೇಕು. ನೀವು ಆ ಮೆಟ್ಟಿಲು ದಾಟಿ ಆಗಿದೆ.

ನಿಮ್ಮ ಬರಹದಲ್ಲಿ ಎರಡು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿರೋ ಹಾಗೆ ಕಾಣ್ತಿದೆ. ತೇವ ಸೊನ್ನೆ ಬರ್ತಿದ್ದದ್ದು ಹಳೇ ಕಥೆ, ಸೆನ್ಸರ್ ಮಾಯ ಆಗ್ತಿರೋದು ಹೊಸದು. ಎರಡಕ್ಕೂ ಒಂದೇ ಔಷಧಿ ಹುಡುಕಬೇಡಿ. ಮೊದಲು ಹೊಸದನ್ನ ಹಿಡಿಯೋಣ.

ಇಷ್ಟು ತಿಳಿಸಿ. ಪೈಯಿಂದ ಸೆನ್ಸರಿಗೆ ವೈರ್ ಎಷ್ಟು ಉದ್ದ, ಯಾವ ವೈರ್? ಯಾವ ಬಣ್ಣ ಯಾವ ಪಿನ್ನಿಗೆ? ಕರೆಂಟು 3.3 ವೋಲ್ಟ್ ಪಿನ್ನಿಂದ ಕೊಟ್ಟಿದ್ದೀರೋ, 5 ವೋಲ್ಟಿಂದಲೋ? ಪೈಯ ಪಿನ್ನುಗಳು 5 ವೋಲ್ಟ್ ತಡೆಯೋದಿಲ್ಲ, ಅದಕ್ಕೇ ಕೇಳ್ತಿದ್ದೇನೆ. ಟೇಬಲ್ಲಲ್ಲಿ 76ರ ಜಾಗದಲ್ಲಿ ಯಾವಾಗಲಾದ್ರೂ ಯುಯು ಅಂತ ಬಂದಿತ್ತಾ? ಬಂದಿದ್ರೆ ಭಯ ಬೇಡ, ಕರ್ನಲ್ಲಿನ ಡ್ರೈವರ್ ಆ ಸೆನ್ಸರನ್ನ ಆಗಲೇ ಹಿಡಿದುಕೊಂಡಿದೆ ಅಂತಷ್ಟೇ ಅರ್ಥ.

ಹುಳುಮನೆ

ಸರ್, ಬೇಗ ಉತ್ತರ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ಯುಯು ಯಾವತ್ತೂ ಬಂದಿಲ್ಲ. ಕರೆಂಟು 1ನೇ ಪಿನ್ನಿಂದ, ಅಂದ್ರೆ 3.3 ವೋಲ್ಟ್. ಎಸ್‌ಡಿಎ (ಡೇಟಾ ವೈರ್) 3ನೇ ಪಿನ್, ಎಸ್‌ಸಿಎಲ್ (ಕ್ಲಾಕ್ ವೈರ್) 5ನೇ ಪಿನ್, ಗ್ರೌಂಡ್ 6. ವೈರು ಇಂಟರ್‌ನೆಟ್ ಕೇಬಲ್, ಕ್ಯಾಟ್5, ಸುಮಾರು 6 ಮೀಟರ್. ಎರಡೂ ತುದಿಯಲ್ಲಿ ಜಂಪರ್ ವೈರ್ ಹೊಸೆದು ಟೇಪ್ ಸುತ್ತಿದ್ದೇನೆ. ನೀಲಿ ಜೋಡಿಯಲ್ಲಿ ಎಸ್‌ಡಿಎ, ಎಸ್‌ಸಿಎಲ್. ಕಿತ್ತಳೆ ಜೋಡಿಯಲ್ಲಿ ಕರೆಂಟು, ಗ್ರೌಂಡ್.

ಓದುಗರೊಬ್ಬರು

6 ಮೀಟರ್ ಅಂದ್ರೆ ಅಲ್ಲೇ ಉತ್ತರ ಇದೆ. ಐ2ಸಿ ಒಂದೇ ಬೋರ್ಡಿನೊಳಗೆ ಚಿಪ್ಪಿಂದ ಚಿಪ್ಪಿಗೆ ಮಾತಾಡೋಕೆ ಮಾಡಿದ್ದು, ಕೋಣೆಯಿಂದ ಕೋಣೆಗಲ್ಲ. ವೇಗ ಇಳಿಸಿ ನೋಡಿ. ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನ ಕಾನ್ಫಿಗ್ ಫೈಲಲ್ಲಿ "ಡಿಟಿಪ್ಯಾರಮ್=ಐ2ಸಿ_ಆರ್ಮ್_ಬಾಡ್‌ರೇಟ್=10000" ಅಂತ ಒಂದು ಸಾಲು ಹಾಕಿ ರೀಸ್ಟಾರ್ಟ್ ಮಾಡಿ. 100 ಕಿಲೋಹರ್ಟ್ಸ್ ಇದ್ದದ್ದು 10ಕ್ಕೆ ಇಳಿಯುತ್ತೆ. ನಿಮಿಷಕ್ಕೊಂದು ಸಲ ಶಾಖ ಓದೋಕೆ ಅಷ್ಟು ಧಾರಾಳ ಸಾಕು.

ಬೆಸುಗೆಕಡ್ಡಿ

ವೇಗ ಇಳಿಸೋದು ಒಳ್ಳೇ ಸಲಹೆ, ಮಾಡಿ. ಆದ್ರೆ ಉದ್ದವೇ ಕಾರಣ ಅಂತ ನನಗೆ ಅನಿಸ್ತಿಲ್ಲ. ಈ ಕೇಬಲ್ಲಿನ ಒಂದು ಜೋಡಿಗೆ ಮೀಟರಿಗೆ ಸುಮಾರು 50 ಪಿಕೋಫ್ಯಾರಡ್ ಕೆಪಾಸಿಟೆನ್ಸ್, ಅಂದ್ರೆ ಸಿಗ್ನಲ್ಲನ್ನ ನಿಧಾನ ಮಾಡೋ ಗುಣ. 6 ಮೀಟರಿಗೆ 300. ಐ2ಸಿಗೆ ಹೇಳಿರುವ ಮಿತಿ 400. ಪೈಯಲ್ಲಿ ಈ ಎರಡು ಪಿನ್ನಿಗೆ 1.8 ಕಿಲೋ ಓಮಿನ ಪುಲ್-ಅಪ್ (ವೈರನ್ನ 3.3 ವೋಲ್ಟಿಗೆ ಎಳೆದಿಡೋ ರೆಸಿಸ್ಟರ್) ಬೋರ್ಡಲ್ಲೇ ಇದೆ, ಅದು ಗಟ್ಟಿಯಾಗೇ ಎಳೆಯುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಇದೇ ಕೇಬಲ್ಲು ಕಳೆದ ಬೆಳೆ ಪೂರ್ತಿ ಕೆಲಸ ಮಾಡಿದೆ. ಕೇಬಲ್ಲು ಉದ್ದ ಆಗಿಲ್ಲ. ಮಧ್ಯೆ ಬೇರೇನೋ ಆಗಿದೆ.

ಒಂದು ತಪ್ಪು ಮಾತ್ರ ಕಾಣ್ತಿದೆ. ಎಸ್‌ಡಿಎ, ಎಸ್‌ಸಿಎಲ್ ಎರಡನ್ನೂ ಒಂದೇ ಜೋಡಿಯಲ್ಲಿ ಹೊಸೆದಿದ್ದೀರಿ. ಒಂದರ ಸಿಗ್ನಲ್ಲು ಇನ್ನೊಂದಕ್ಕೆ ತಾಗುತ್ತೆ. ಎಸ್‌ಡಿಎಗೆ ಜೊತೆ ಗ್ರೌಂಡ್ ಕೊಡಿ, ಎಸ್‌ಸಿಎಲ್‌ಗೆ ಜೊತೆ 3.3 ವೋಲ್ಟ್ ಕೊಡಿ.

ಅದಕ್ಕೂ ಮೊದಲು ಮಲ್ಟಿಮೀಟರ್ ಇದ್ರೆ ಒಂದು ಪರೀಕ್ಷೆ. ಪೈಯ ಪವರ್ ಪೂರ್ತಿ ತೆಗೆಯಿರಿ. ಕೇಬಲ್ಲು ಪೈಗೆ ಹಾಗೇ ಇರಲಿ, ಸೆನ್ಸರ್ ಮಾತ್ರ ಬಿಚ್ಚಿ. ಮೀಟರನ್ನ ಓಮಿಗೆ ಇಟ್ಟು, ಸೆನ್ಸರ್ ಕಡೆಯ ತುದಿಯಲ್ಲಿ ಒಂದು ಕಡ್ಡಿ 3.3 ವೋಲ್ಟಿನ ವೈರಿಗೆ, ಇನ್ನೊಂದು ಎಸ್‌ಡಿಎ ವೈರಿಗೆ ಹಿಡೀರಿ. ಆ ಪುಲ್-ಅಪ್ ರೆಸಿಸ್ಟರೇ ನಿಮಗೆ ಕಾಣ್ಬೇಕು, ಅಂದ್ರೆ ಸುಮಾರು 1.8 ಕಿಲೋ. ಹಾಗೇ ಎಸ್‌ಸಿಎಲ್‌ಗೂ ನೋಡಿ. ಬರೀ ಕಣ್ಣಲ್ಲಿ ಜಾಯಿಂಟ್ ನೋಡಿ ಸರಿ ಇದೆ ಅಂದುಕೊಳ್ಳೋದಕ್ಕಿಂತ ಇದು ನೂರು ಪಾಲು ಮೇಲು. ಪಿನ್ನಿಂದ ಹಿಡಿದು ಕೊನೇ ತುದಿವರೆಗಿನ ಎಲ್ಲ ಜಾಯಿಂಟೂ ಒಂದೇ ಅಳತೆಯಲ್ಲಿ ಬಂದುಬಿಡುತ್ತೆ. ಮೀಟರ್ ಹಿಡಿದುಕೊಂಡೇ ಯಾರಿಗಾದ್ರೂ ಹೇಳಿ ಜಾಯಿಂಟುಗಳನ್ನ ಮೆತ್ತಗೆ ಅಲ್ಲಾಡಿಸಿ.

ಹುಳುಮನೆ

ಸರ್, ಸಿಕ್ತು ಅನಿಸುತ್ತೆ. ಅಮ್ಮನ ಕೈಲಿ ವೈರ್ ಅಲ್ಲಾಡಿಸೋಕೆ ಹೇಳಿ ನಾನು ಮೀಟರ್ ಹಿಡಿದೆ. ಎಸ್‌ಸಿಎಲ್ 1.81 ಕಿಲೋ, ಕದಲಲೇ ಇಲ್ಲ. ಎಸ್‌ಡಿಎ 2.6 ತೋರಿಸ್ತು, ಅಮ್ಮ ಮುಟ್ಟಿದ ಕೂಡ್ಲೇ 9ಕ್ಕೆ ಹೋಯ್ತು, ಇನ್ನೊಂದು ಸಲ ಅಲ್ಲಾಡಿಸಿದ್ರೆ ಓಪನ್.

ಹುಳು ಮನೆ ಒಳಗಿನ ತುದಿಯ ಟೇಪ್ ಬಿಚ್ಚಿ ನೋಡಿದೆ. ತಾಮ್ರ ಹಸಿರಾಗಿದೆ, ಹಳೇ ಹಿತ್ತಾಳೆ ಪಾತ್ರೆಗೆ ಹುಳಿ ತಾಗಿದ ಹಾಗೆ. ಜಂಪರ್ ವೈರಿನ ಕಪ್ಪು ಪ್ಲಾಸ್ಟಿಕ್ ಟೋಪಿ ತೆಗೆದ್ರೆ ಒಳಗಿನ ಕ್ಲಿಪ್ಪಿನ ಮೇಲೂ ಬಿಳಿ-ಹಸಿರು ಪುಡಿ. ಉಗುರಲ್ಲಿ ಕೆರೆದ್ರೆ ಉದುರುತ್ತೆ. ಹೊರಗಿನ ಕೋಣೆಯ ತುದಿ ಮಾತ್ರ ಹೊಸದರ ಹಾಗೇ ಹೊಳೀತಿದೆ. ಮೂರೇ ತಿಂಗಳಲ್ಲಿ ಹೀಗಾಗುತ್ತಾ?

ಸೊಪ್ಪಿನತೋಟ

ಅಣ್ಣ, ನಾವೂ ರೇಷ್ಮೆಯವರೇ, ರಾಮನಗರದ ಕಡೆ. ಎಲೆಕ್ಟ್ರಾನಿಕ್ಸ್ ನನಗೆ ಅಷ್ಟಾಗಿ ಗೊತ್ತಿಲ್ಲ, ಆದ್ರೆ ಆ ಹಸಿರು ಗೊತ್ತು. ಬೆಳೆ ಮುಗಿದ ಮೇಲೆ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದ್ರಾ? 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್, 300 ಗ್ರಾಂ ಸುಣ್ಣ ಕಲಸಿ ಗೋಡೆ, ನೆಲ, ಸ್ಟ್ಯಾಂಡು, ಚಂದ್ರಿಕೆ (ಹುಳು ಗೂಡು ಕಟ್ಟೋ ತಟ್ಟೆ) ಎಲ್ಲ ತೋಯೋ ಹಾಗೆ ಹೊಡೀತೀವಲ್ಲ, ಅದರ ಕ್ಲೋರಿನ್ನು ಲೋಹ ಬಿಡಲ್ಲ. ನಮ್ಮ ಮನೆ ಸ್ವಿಚ್ ಬೋರ್ಡಿನ ಸ್ಕ್ರೂಗಳೆಲ್ಲ ಹಾಗೇ ಹೋದ್ವು. ಸೋಂಕು ತೆಗೆಯೋವಾಗ ಸೆನ್ಸರ್ ಹೊರಗೆ ತೆಗೆದಿಟ್ಟಿದ್ರಾ?

ಹುಳುಮನೆ

ಇಲ್ಲ ಅಣ್ಣ. ಸೆನ್ಸರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ, ವೈರ್ ಜಾಯಿಂಟಿಗೆ ಏನೂ ಕಟ್ಟಿರಲಿಲ್ಲ. ಪೈ ಕೂಡ ಆನ್‌ನಲ್ಲೇ ಇತ್ತು.

ಬೆಸುಗೆಕಡ್ಡಿ

ಸೊಪ್ಪಿನತೋಟ ಅವರು ಹೇಳಿದ್ದೇ ಕಾರಣ. ಪೈ ಆನ್ ಇದ್ದದ್ದು ಇನ್ನೂ ಕೆಟ್ಟದ್ದಾಯ್ತು. ಎಸ್‌ಡಿಎ, ಎಸ್‌ಸಿಎಲ್ ಎರಡೂ ಸುಮ್ಮನಿದ್ದಾಗಲೂ 3.3 ವೋಲ್ಟಲ್ಲೇ ಇರುತ್ವೆ. ಒದ್ದೆ, ಉಪ್ಪು, ವೋಲ್ಟೇಜು ಮೂರೂ ಸೇರಿದ್ರೆ ತಾಮ್ರ ಬೇಗ ತಿಂದುಹೋಗುತ್ತೆ.

ಹಸಿರಾದ ಭಾಗವನ್ನ ಕೆರೆದು ಮತ್ತೆ ಹೊಸೆಯಬೇಡಿ, ಹದಿನೈದು ದಿನಕ್ಕೆ ಮತ್ತೆ ಅದೇ ಆಗುತ್ತೆ. ತಾಮ್ರ ಕೆಂಪಗೆ ಹೊಳೆಯೋವರೆಗೂ ಕೇಬಲ್ ಕತ್ತರಿಸಿ, ಜಂಪರ್ ವೈರ್ ಬಿಸಾಕಿ, ಕೇಬಲ್ಲಿನ ಎಳೆಯನ್ನೇ ನೇರ ಸೆನ್ಸರ್ ಬೋರ್ಡಿಗೆ ಸಾಲ್ಡರ್ ಮಾಡಿ. ಮೇಲೆ ಹೀಟ್ ಶ್ರಿಂಕ್ ಕೊಳವೆ. ಬಿಚ್ಚಿ ಹಾಕೋ ಕನೆಕ್ಟರ್ ಬೇಕಾದ್ರೆ ಅದು ಹೊರಗಿನ ಕೋಣೆಯಲ್ಲಿರಲಿ, ಹುಳು ಮನೆ ಒಳಗೆ ಬೇಡ. ಜೋಡಿಗಳನ್ನೂ ಆಗಲೇ ಬದಲಿಸಿ.

ಹುಳುಮನೆ

ಸಾಲ್ಡರ್ ಮಾಡಿದೆ. ಒಂದು ಗೇಣು ಕೇಬಲ್ ಕತ್ತರಿಸಬೇಕಾಯ್ತು, ಹಸಿರು ಅಷ್ಟು ಒಳಗೆ ಹೋಗಿತ್ತು. ಈಗ ಎರಡೂ ವೈರ್ 1.8 ಕಿಲೋ, ಎಳೆದಾಡಿದ್ರೂ ಕದಲಲ್ಲ. ವೇಗ 10000ಕ್ಕೆ ಇಳಿಸಿದೆ. ಐವತ್ತು ಸಲ ಕಮಾಂಡ್ ಕೊಟ್ಟೆ, ಐವತ್ತು ಸಲವೂ 76 ಬಂತು! ಶಾಖ 27.4 ತೋರಿಸ್ತಿದೆ. ತೇವ ಇನ್ನೂ ಸೊನ್ನೆನೇ.

ಬೆಸುಗೆಕಡ್ಡಿ

ಈಗ ಹಳೇ ಕಥೆಗೆ ಬರೋಣ. ಟೇಬಲ್ಲಲ್ಲಿ 76 ಬಂತು ಅಂದ್ರೆ ಆ ನಂಬರಿನ ಮನೆಯಿಂದ ಯಾರೋ ಓಗೊಟ್ಟರು ಅಂತಷ್ಟೇ. ಓಗೊಟ್ಟವರು ಯಾರು ಅನ್ನೋದನ್ನ ಬೇರೆಯಾಗೇ ಕೇಳ್ಬೇಕು. ಈ ಕಮಾಂಡ್ ಕೊಡಿ:

ಐ2ಸಿಗೆಟ್ -ವೈ 1 0ಎಕ್ಸ್76 0ಎಕ್ಸ್‌ಡಿ0

ಡಿ0 ಅನ್ನೋ ರಿಜಿಸ್ಟರಲ್ಲಿ ಚಿಪ್ಪಿನ ಗುರುತು ಇರುತ್ತೆ. ಬಿಎಂಇ280 ಆದ್ರೆ 60 ಬರ್ಬೇಕು. 58 ಬಂದ್ರೆ ಅದು ಬಿಎಂಪಿ280. ಎರಡೂ ಬಾಷ್ ಕಂಪನಿಯ ಚಿಪ್ಪುಗಳೇ, ವಿಳಾಸವೂ ಒಂದೇ, ಶಾಖ ಮತ್ತು ಗಾಳಿಯ ಒತ್ತಡ ಎರಡೂ ಅಳೆಯುತ್ವೆ. ಆದ್ರೆ ಬಿಎಂಪಿಯಲ್ಲಿ ತೇವ ಅಳೆಯೋ ಭಾಗವೇ ಇಲ್ಲ.

ಹುಳುಮನೆ

0ಎಕ್ಸ್58 ಬಂತು ಸರ್. ಬೋರ್ಡಿನ ಹಿಂದೆ ಎರಡು ಹೆಸರೂ ಅಚ್ಚಾಗಿದೆ, ಅಂಗಡಿಯವರು ಬಿಲ್ಲಲ್ಲಿ ಬಿಎಂಇ ಅಂತಲೇ ಬರೆದಿದ್ದಾರೆ. ಒಂದು ಬೆಳೆ ಪೂರ್ತಿ ನಾನು ಪ್ರೋಗ್ರಾಂ ತಪ್ಪು ಅಂದುಕೊಂಡಿದ್ದೆ.

ಬೆಸುಗೆಕಡ್ಡಿ

ಒಂದೇ ಹಸಿರೋ ನೇರಳೆಯೋ ಬೋರ್ಡಲ್ಲಿ ಎರಡರಲ್ಲಿ ಯಾವುದನ್ನ ಬೇಕಾದ್ರೂ ಕೂರಿಸ್ತಾರೆ, ಅದಕ್ಕೇ ಹಿಂದಿನ ಅಚ್ಚು ನಂಬೋ ಹಾಗಿಲ್ಲ. ಈ ಸಲ ಕೊಳ್ಳೋವಾಗ ಲೋಹದ ಆ ಪುಟ್ಟ ಡಬ್ಬಿಯನ್ನ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಬಿಎಂಇ ಚೌಕ, 2.5ಕ್ಕೆ 2.5 ಮಿಲಿಮೀಟರ್. ಬಿಎಂಪಿ ಸ್ವಲ್ಪ ಉದ್ದುದ್ದ, 2ಕ್ಕೆ 2.5. ಅರ್ಧ ಮಿಲಿಮೀಟರಿನ ವ್ಯತ್ಯಾಸವೇ ಆದ್ರೂ ಚೌಕವಾ ಅಲ್ಲವಾ ಅಂತ ಕಣ್ಣಿಗೆ ಗೊತ್ತಾಗುತ್ತೆ.

ಹೊಸದು ಬರೋವರೆಗೂ, ಒಂದಕ್ಕೆ ಮಾತ್ರ ಒದ್ದೆ ಬಟ್ಟೆ ಕಟ್ಟಿದ ಥರ್ಮಾಮೀಟರ್ ಜೋಡಿಯನ್ನೇ ತೇವಕ್ಕೆ ನೋಡ್ತಿರಿ. ಹುಳುವಿನ ವಿಷಯದಲ್ಲಿ ಊಹೆ ಬೇಡ.

ಸೊಪ್ಪಿನತೋಟ

ಡಿಎಚ್‌ಟಿ22 ಅಂತ ಬಿಳೀ ಸೆನ್ಸರ್ ಬರುತ್ತಲ್ಲ, ಅದು ತೇವ ತೋರಿಸುತ್ತೆ. ನನ್ನ ಹತ್ರ ಒಂದಿದೆ, ಆದ್ರೆ ಈ ಟೇಬಲ್ಲಲ್ಲಿ ಎಷ್ಟು ಸಲ ನೋಡಿದ್ರೂ ಬರ್ತಿಲ್ಲ. ಕೆಟ್ಟಿದೆಯಾ?

ಬೆಸುಗೆಕಡ್ಡಿ

ಕೆಟ್ಟಿಲ್ಲ. ಡಿಎಚ್‌ಟಿ22 ಐ2ಸಿ ಅಲ್ಲ, ಒಂದೇ ವೈರಲ್ಲಿ ತನ್ನದೇ ರೀತಿಯಲ್ಲಿ ಮಾತಾಡುತ್ತೆ. ಅದಕ್ಕೆ ವಿಳಾಸವೇ ಇಲ್ಲ, ಟೇಬಲ್ಲಲ್ಲಿ ಯಾವತ್ತೂ ಬರಲ್ಲ. ಅದರದ್ದೇ ಲೈಬ್ರರಿ ಹಾಕಿ ಓದ್ಬೇಕು. ನಿಮ್ಮದು ಉದ್ದನೆಯ ಶೆಡ್ಡಾಗಿದ್ದು 20-30 ಮೀಟರ್ ವೈರ್ ಎಳೀಬೇಕಾದ್ರೆ ಇವೆರಡನ್ನೂ ಬಿಟ್ಟು ಆರ್‌ಎಸ್485ರಲ್ಲಿ ಬರೋ ಶಾಖ-ತೇವದ ಸೆನ್ಸರ್ ತಗೊಳ್ಳಿ, ದೂರಕ್ಕೇ ಅಂತ ಮಾಡಿದ್ದು ಅದು.

ಹುಳುಮನೆ

ಎಲ್ಲರಿಗೂ ನಮಸ್ಕಾರ, ಹೇಗಾಯ್ತು ಅಂತ ತಿಳಿಸ್ತೀನಿ.

ಹೊಸ ಸೆನ್ಸರ್ ಬಂತು, ಡಬ್ಬಿ ಚೌಕ ಇದೆ. ಪಿನ್ನುಗಳು ಬಿಡಿಯಾಗಿ ಬಂದಿದ್ವು. ಅವಸರಕ್ಕೆ ಪಿನ್ನನ್ನ ತೂತಿಗೆ ಒತ್ತಿ ಹಾಗೇ ನೋಡಿದೆ, ಟೇಬಲ್ ಖಾಲಿ. ಸಾಲ್ಡರ್ ಮಾಡಿದ ಮೇಲೆ ಬಂತು, ಆದ್ರೆ 76 ಅಲ್ಲ, 77. ಒಂದು ಗಳಿಗೆ ಎದೆ ಧಸಕ್ ಅಂತು. ಆಮೇಲೆ ಓದಿದ್ರೆ, ಎಸ್‌ಡಿಒ ಪಿನ್ ಗ್ರೌಂಡಿಗೆ ಇದ್ರೆ 76, 3.3 ವೋಲ್ಟಿಗೆ ಇದ್ರೆ 77 ಅಂತೆ. ಪ್ರೋಗ್ರಾಂನಲ್ಲಿ ವಿಳಾಸ ಬದಲಿಸಿದೆ ಅಷ್ಟೇ. ಚಿಪ್ ಗುರುತು 60.

ಪಕ್ಕದಲ್ಲೇ ಥರ್ಮಾಮೀಟರ್ ಜೋಡಿ ನೇತುಹಾಕಿ ಒಂದು ಗಂಟೆ ಬಿಟ್ಟು ನೋಡಿದೆ. ಒಣಗಿದ್ದು 25, ಒದ್ದೆಯದ್ದು 21. ಗೋಡೆಯ ಪಟ್ಟಿಯಲ್ಲಿ ಅದಕ್ಕೆ ತೇವ ಶೇಕಡಾ 70. ಸೆನ್ಸರಲ್ಲಿ 72. ಅಮ್ಮ ಮೊಬೈಲ್ ಕೈಲಿ ಹಿಡ್ಕೊಂಡು ಮೂರು ಸಲ ಒಳಗೆ ಹೊರಗೆ ಓಡಾಡಿ, ಎರಡನ್ನೂ ತಾಳೆ ನೋಡಿ, ಸರಿ ಅಂದ್ರು. ಗುರುವಾರ ಬಂದ ಹುಳು ಮೂರನೇ ಜ್ವರದಿಂದ (ಹುಳು ಚರ್ಮ ಬಿಡೋ ಹೊತ್ತು) ಎದ್ದು ಸೊಪ್ಪು ತಿಂತಿವೆ.

ಬೆಸುಗೆಕಡ್ಡಿ ಸರ್, ಒಂದೇ ಅನುಮಾನ ಉಳಿದಿದೆ. ಜ್ವರಕ್ಕೆ ಕೂತಾಗ ತಟ್ಟೆ ಮೇಲೆ ಸುಣ್ಣದ ಪುಡಿ ಉದುರಿಸ್ತೀವಿ. ಅದು ಸೆನ್ಸರಿಗೆ ತೊಂದರೆ ಮಾಡುತ್ತಾ?

ಬೆಸುಗೆಕಡ್ಡಿ

ಮಾಡುತ್ತೆ. ಡಬ್ಬಿಯ ಮೇಲಿನ ಸೂಜಿ ಮೊನೆಯಷ್ಟು ತೂತಿಂದಲೇ ಅದು ಗಾಳಿ ಎಳ್ಕೊಳ್ಳೋದು. ಪುಡಿ ಕೂತ್ರೆ ತೇವ ತಪ್ಪಾಗಿ ಬರುತ್ತೆ. ತೂತು ಕೆಳಮುಖವಾಗಿರೋ ಹಾಗೆ ಕಟ್ಟಿ, ಮೇಲೊಂದು ತಲೆಕೆಳಗಾದ ಪ್ಲಾಸ್ಟಿಕ್ ಲೋಟ ಇರಲಿ, ಲೋಟದ ಪಕ್ಕಕ್ಕೆ ಗಾಳಿಯಾಡೋಕೆ ನಾಲ್ಕಾರು ತೂತು ಕೊರೀರಿ. ಸೆನ್ಸರನ್ನ ಮುಚ್ಚಿಬಿಡೋ ಹಾಗೆ ಟೇಪ್ ಸುತ್ತಬೇಡಿ, ಬಾಯಲ್ಲಿ ಊದಿ ಪುಡಿ ತೆಗೆಯೋಕೂ ಹೋಗಬೇಡಿ.

ಗೂಡು ಬಿಡಿಸಿದ ದಿನವೇ, ಬ್ಲೀಚಿಂಗ್ ಕಲಸೋಕೆ ಮೊದಲು, ಪೈ ಆಫ್ ಮಾಡಿ ಹೊರಗಿನ ಕೋಣೆಯಲ್ಲಿ ಕನೆಕ್ಟರ್ ಬಿಚ್ಚಿ, ಸೆನ್ಸರನ್ನ ಕೇಬಲ್ ಸಮೇತ ಸುರುಳಿ ಸುತ್ತಿ ಆಚೆ ತಗೊಂಡು ಬನ್ನಿ. ಸೋಂಕು ತೆಗೆದು, ಮನೆ ಪೂರ್ತಿ ಒಣಗಿ, ಕಿಟಕಿ ತೆರೆದು ವಾಸನೆ ಹೋದ ಮೇಲೆ ಮತ್ತೆ ಕಟ್ಟಿ. ಕಟ್ಟಿದ ಕೂಡ್ಲೇ ಒಂದು ಸಲ ಮೀಟರಲ್ಲಿ ಎರಡೂ ವೈರ್ ನೋಡಿಕೊಂಡು ಆಮೇಲೆ ಪೈ ಆನ್ ಮಾಡಿ.