ಕೆನಡಾ ಗ್ರಾಮೀಣ ಪಿಆರ್: ಶಿಫಾರಸು ಪತ್ರಕ್ಕೆ 9 ಲಕ್ಷ ಕೇಳ್ತಿದ್ದಾರೆ, ಕೊಡಬಹುದಾ?

ಪ್ರಶ್ನೆ (ಕಾರವಾರ)
ತಮ್ಮನಿಗೆ 28 ವರ್ಷ. ಪಿಯುಸಿ, ಆಮೇಲೆ ಐಟಿಐ ವೆಲ್ಡರ್. ನಾಲ್ಕು ವರ್ಷದಿಂದ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸ. ಕೆನಡಾದ ಸಣ್ಣ ಊರಿನ ಸಮುದಾಯದಿಂದ ಶಿಫಾರಸು ಪತ್ರ ತೆಗೆಸಿಕೊಡುತ್ತೇವೆ, ಪಿಆರ್ (ಕಾಯಂ ವಾಸದ ಅನುಮತಿ) ಗ್ಯಾರಂಟಿ ಅಂತ ಏಜೆಂಟರೊಬ್ಬರು 9 ಲಕ್ಷ ಹೇಳಿದ್ದಾರೆ. ಮುಂಗಡ ಕೊಡೋದಾ?

ಉತ್ತರ 1 (ಕುಮಟಾ)
ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಪತ್ರ ಮಾರಾಟದ ವಸ್ತು ಅಲ್ಲ.

ಸಣ್ಣ ಊರುಗಳಿಗೆ ಕೆಲಸಗಾರರನ್ನು ಕರೆಸಿಕೊಳ್ಳುವ ಕೆನಡಾದ ಈ ಯೋಜನೆ (ರೂರಲ್ ಕಮ್ಯುನಿಟಿ ಇಮಿಗ್ರೇಷನ್ ಪೈಲಟ್) ಶುರುವಾದದ್ದು 2025ರ ಜನವರಿಯಲ್ಲಿ, 14 ಪ್ರದೇಶಗಳಲ್ಲಿ: ಥಂಡರ್ ಬೇ, ಟಿಮ್ಮಿನ್ಸ್, ಬ್ರಾಂಡನ್, ಮೂಸ್ ಜಾ ಇತ್ಯಾದಿ. ಯಾವ ಕೆಲಸದವರು ಬೇಕು ಅಂತ ಆಯಾ ಊರೇ ಪಟ್ಟಿ ಮಾಡುತ್ತದೆ, ಒಂದು ಕಡೆ ಇರುವ ಕೆಲಸ ಇನ್ನೊಂದು ಕಡೆ ಇರೋದಿಲ್ಲ. ಹಾಗಾಗಿ ಮೊದಲು ಊರಿನ ವೆಬ್‌ಸೈಟಿನಲ್ಲಿ ವೆಲ್ಡರ್ ಇದೆಯಾ ನೋಡಿ. ಅಲ್ಲೇ ಮಾನ್ಯತೆ ಪಡೆದ ಕಂಪನಿಗಳ ಹೆಸರೂ ಸಿಗುತ್ತದೆ. ಅಂಥ ಕಂಪನಿ ವಾರಕ್ಕೆ ಕನಿಷ್ಠ 30 ಗಂಟೆಯ, ವರ್ಷಪೂರ್ತಿ ನಡೆಯುವ, ಮುಗಿಯುವ ದಿನಾಂಕವಿಲ್ಲದ ಕೆಲಸ ಕೊಡಬೇಕು. ಊರಿನ ಸಂಸ್ಥೆ ಶಿಫಾರಸು ಮಾಡುವುದು ಆಮೇಲೆ. ಅದು ಕೈಗೆ ಬಂದರೂ ಪಿಆರ್ ಕೊಡುವುದು ಕೆನಡಾದ ಕೇಂದ್ರ ಸರ್ಕಾರ. ಇನ್ನು ಗ್ಯಾರಂಟಿ ಯಾರು ಕೊಡ್ತಾರೆ?

ಹಣ ತಗೊಂಡು ಸಲಹೆ ಕೊಡುವ ಕನ್ಸಲ್ಟೆಂಟ್‌ಗೆ ಅಲ್ಲಿಯ ಲೈಸೆನ್ಸ್ ಬೇಕು. ನಂಬರ್ ಕೇಳಿ, ಕಾಲೇಜಿನ (ಅಲ್ಲಿಯ ನಿಯಂತ್ರಣ ಸಂಸ್ಥೆಯ ಹೆಸರೇ ಹಾಗೆ) ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ.

ಉತ್ತರ 2 (ಶಿರಸಿ)
ಮೇಲಿನವರು ಹೇಳಿದ್ದು ಸರಿ. ಆದರೆ ನಮ್ಮ ಕಡೆಯವರ ಅರ್ಜಿ ಹೆಚ್ಚಾಗಿ ಬಿದ್ದುಹೋಗುವುದು ಅನುಭವ ಪತ್ರದಲ್ಲಿ. "ಇವರು ನಮ್ಮಲ್ಲಿ ಕೆಲಸ ಮಾಡಿದ್ದು, ನಡತೆ ಉತ್ತಮ" ಎಂಬ ಎರಡು ಸಾಲು ಯಾವ ಪ್ರಯೋಜನಕ್ಕೂ ಬಾರದು. ಲೆಟರ್‌ಹೆಡ್ ಮೇಲೆ ಸೇರಿದ ತಾರೀಖು, ವಾರದ ಗಂಟೆ, ಸಂಬಳ, ಮಾಡಿದ ಕೆಲಸ, ಸಹಿ ಮಾಡಿದವರ ಹುದ್ದೆ, ಫೋನ್ ಎಲ್ಲ ಬೇಕು. ಬರೀ "ವೆಲ್ಡಿಂಗ್" ಅಂತ ಬರೆಸಬೇಡಿ. ಆರ್ಕ್ ವೆಲ್ಡಿಂಗೋ ಟಿಗ್ಗೋ, ಪೈಪೋ ಪ್ಲೇಟೋ, ಡ್ರಾಯಿಂಗ್ ನೋಡಿ ಮಾಡ್ತಾರಾ, ಅದನ್ನು ಬರೆಸಿ. ವೆಲ್ಡರ್ ಕೆಲಸಕ್ಕೆ ಅಲ್ಲಿಯ ಉದ್ಯೋಗ ಸಂಕೇತ 72106, ಅದರ ವಿವರಣೆಗೆ ಹೊಂದಬೇಕು. ಮಾಡದ ಕೆಲಸ ಮಾತ್ರ ಸೇರಿಸಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಬಾಗಿಲು ಬಂದ್.

ಬೇಕಾದದ್ದು ಕಳೆದ ಮೂರು ವರ್ಷದೊಳಗೆ 1,560 ಗಂಟೆ ಕೆಲಸದ ಅನುಭವ, ಕನಿಷ್ಠ 12 ತಿಂಗಳಲ್ಲಿ ಹರಡಿರಬೇಕು. ಓವರ್‌ಟೈಮ್ ಹೊಡೆದು ಎಂಟು ತಿಂಗಳಲ್ಲಿ ಮುಗಿಸಿದರೆ ನಡೆಯದು. ಸ್ವಂತ ವರ್ಕ್‌ಶಾಪಿನ ದುಡಿಮೆಯೂ ಲೆಕ್ಕಕ್ಕಿಲ್ಲ.

ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಜನರಲ್ ಬರೆಸಿ, ಅಕಾಡೆಮಿಕ್ ಅಲ್ಲ. ಈ ಹುದ್ದೆಗೆ ಬೇಕಾದ ಕನಿಷ್ಠ ಅಂಕ: ಆಲಿಸುವಿಕೆ, ಮಾತು, ಬರವಣಿಗೆ ತಲಾ 5, ಓದು 4. ಒಂದರಲ್ಲಿ ಕಡಿಮೆಯಾದರೂ ಆಗದು. ಪಿಯುಸಿಗೆ ಇಸಿಎ (ನಮ್ಮ ಓದು ಅಲ್ಲಿಯ ಯಾವ ಓದಿಗೆ ಸಮ ಎಂಬ ಮೌಲ್ಯಮಾಪನ) ಮಾಡಿಸಿ.

ಉತ್ತರ 3 (ಹೊನ್ನಾವರ)
ಅಲ್ಲಿ ಹೋಗಿ ನೆಲೆಸಲು ಬೇಕಾದ ಖರ್ಚಿನ ಹಣ ತೋರಿಸುವಾಗ ಅಡಿಕೆ ತೋಟದ ಬೆಲೆ ನಡೆಯೋದಿಲ್ಲ, ಸಾಲ ತಂದು ಖಾತೆಗೆ ಹಾಕಿದ್ದೂ ನಡೆಯೋದಿಲ್ಲ. ತಮ್ಮ ಗಲ್ಫ್‌ನಲ್ಲಿ ಆರು ತಿಂಗಳು ಇದ್ದಿದ್ದರೆ ಅಲ್ಲಿಯ ಪೊಲೀಸ್ ಪ್ರಮಾಣಪತ್ರವೂ ಬೇಕು.

ಪ್ರಶ್ನೆ ಕೇಳಿದವರು
ಗಲ್ಫ್ ಇಲ್ಲ. ಆದರೆ ಮೊದಲೆರಡು ವರ್ಷ ಕೈಗೆ ಕ್ಯಾಶ್, ಈಚಿನ ಎರಡು ವರ್ಷ ಮಾತ್ರ ಪಿಎಫ್ ಮತ್ತು ಬ್ಯಾಂಕಿಗೆ ಸಂಬಳ.

ಉತ್ತರ 2 (ಶಿರಸಿ)
ಆ ಎರಡು ವರ್ಷವೇ ಸಾಕು ಮಾರಾಯ್ರೇ. ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಪತ್ರದ ಜತೆ ಇಡಿ. ತಾರೀಖು ಒಂದಕ್ಕೊಂದು ತಾಳೆ ಆಗಬೇಕು. ಕ್ಯಾಶ್ ವರ್ಷಗಳನ್ನು ಅನುಭವದ ಲೆಕ್ಕಕ್ಕೆ ಎಳೆಯಬೇಡಿ, ಆದರೆ ಫಾರಂನಲ್ಲಿ ಪೂರ್ತಿ ಉದ್ಯೋಗದ ವಿವರ ಕೇಳಿದಲ್ಲಿ ಅದನ್ನೂ ಬರೆಯಿರಿ, ಬಿಡಬೇಡಿ.