ಸಹಾಯ ಬೇಕು: ಪದದಾಟಕ್ಕೆ ಬಳಕೆಯ ಪದ ಯಾವುದು, ಅಪರೂಪದ್ದು ಯಾವುದು?

ಎಲ್ಲರಿಗೂ ನಮಸ್ಕಾರ. ಮೂರಕ್ಷರದ ಪದವನ್ನು ಊಹಿಸುವ ಕನ್ನಡ ಆಟವೊಂದನ್ನು ಕಟ್ಟುತ್ತಿದ್ದೇನೆ. ಇಂಗ್ಲಿಷಿನ ಪದ ಊಹಿಸುವ ಆಟ ವರ್ಡಲ್‌ನಲ್ಲಿರುವಂತೆ ಎರಡು ಪಟ್ಟಿ ಬೇಕು: ಉತ್ತರವಾಗಿ ಬರುವ ಪರಿಚಿತ ಪದಗಳದ್ದು ಒಂದು, ಊಹೆಯಾಗಿ ಒಪ್ಪಬಹುದಾದ ಪದಗಳದ್ದು ಇನ್ನೊಂದು. ಎರಡನೆಯದಕ್ಕೆ ನಿಘಂಟು ಸಾಕು. ಮೊದಲನೆಯದರಲ್ಲೇ ಸಿಕ್ಕಿಬಿದ್ದಿದ್ದೇನೆ.

ಕನ್ನಡ ವಿಕಿಪೀಡಿಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿದೆ. ‘ಮನೆಯಲ್ಲಿ’, ‘ಮನೆಯಿಂದ’, ‘ಮನೆಗೂ’ ಎಲ್ಲವೂ ಬೇರೆ ಬೇರೆ ಪದಗಳಾಗಿ ಚದುರಿಹೋದವು. ಪ್ರತ್ಯಯ ಕಳಚಿ ಮೂಲರೂಪಕ್ಕೆ ತಂದ ಮೇಲೂ ತೊಂದರೆ ತೀರಲಿಲ್ಲ. ‘ಶಾಸನ’ ಪಟ್ಟಿಯ ಮೇಲ್ತುದಿಯಲ್ಲಿ ನಿಂತಿತು. ಅಡುಗೆಮನೆಯಲ್ಲಿ ದಿನವೂ ಕೈಗೆ ಬರುವ ‘ಇಕ್ಕಳ’, ‘ಜರಡಿ’ ತಳ ಸೇರಿದವು. ಬರಹದ ಎಣಿಕೆಗೆ ಮನೆಮಾತು ಸಿಗುವುದೇ ಇಲ್ಲ.

ಇನ್ನು ಸೀಮೆಯ ಪ್ರಶ್ನೆ. ಕರಾವಳಿಯವರಿಗೆ ಸಹಜವಾದ ‘ನೀರುಳ್ಳಿ’ (ಈರುಳ್ಳಿ) ಮೈಸೂರು ಕಡೆಯವರಿಗೆ ತಟ್ಟನೆ ಹೊಳೆಯದು. ಹಾಗೆಂದು ಅದನ್ನು ಅಪರೂಪದ ಸಾಲಿಗೆ ತಳ್ಳಲು ನನಗೆ ಮನಸ್ಸೊಪ್ಪುವುದಿಲ್ಲ. ಒಂದೇ ಸೀಮೆಯ ಮಾತಿನಿಂದ ಇಡೀ ಕನ್ನಡವನ್ನು ಅಳೆದಂತಾಗುತ್ತದೆ.

ಎಲ್ಲ ಸೀಮೆಗಳಲ್ಲೂ ಗೊತ್ತಿರುವ ಪದವನ್ನಷ್ಟೇ ಉತ್ತರವಾಗಿ ಇಡಬೇಕೇ, ಒಂದು ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದರೆ ಸಾಕೇ? ಆಡುಮಾತಿನ ಬಳಕೆಯನ್ನು ಎಣಿಸಿರುವ ಕನ್ನಡ ಪದಪಟ್ಟಿ ಇದ್ದರೆ ಎಲ್ಲಿ ಸಿಗುತ್ತದೆ ಎಂದು ದಯವಿಟ್ಟು ತಿಳಿಸುತ್ತೀರಾ?